ಬಸುರಿಯರ ಬೆರಳು, ನನ್ನ ಸೂಜಿ

ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯೋ ಕೆಲಸದಲ್ಲಿ ನಗೋದಕ್ಕೆ ಏನಿರುತ್ತೆ ಅಂತ ಕೇಳಬೇಡಿ. ನಗು ತಡೆದುಕೊಳ್ಳೋದೇ ನನಗೆ ಅರ್ಧ ಕೆಲಸ. ಊರು ಮೈಸೂರು. ಗಂಡನಿಗೆ ರೈಲ್ವೆ ಕೆಲಸವಾದ್ದರಿಂದ ಚೆನ್ನೈಗೆ ಬಂದು, ಇಲ್ಲೇ ಲ್ಯಾಬ್ ಟೆಕ್ನಿಷಿಯನ್ ಆದೆ. ತಪಾಸಣೆಗೆ ಬರುವ ಬಸುರಿಯರಿಗೆ ಮಲೇರಿಯಾ ಇದೆಯಾ ಅಂತ ನೋಡೋದು ನನ್ನ ಪಾಲಿಗೆ ಬಂತು. ಕೆಲವರಿಗೆ ಜೋರು ಜ್ವರವೇ ಕಾಣಿಸದೆ ಒಳಗೊಳಗೇ ರಕ್ತ ಕಮ್ಮಿಯಾಗಿರುತ್ತೆ, ಮಗುವಿಗೂ ಅಪಾಯ. ಅದಕ್ಕೇ ಎಲ್ಲರ ಬೆರಳೂ ಬೇಕು. ಚುಚ್ಚಿಸಿಕೊಂಡು ಹೋಗುವಾಗ ನನ್ನನ್ನೇ ಹರಸಿ ಹೋಗುವ ಜನ ಇವರು. ಇಂಥ ಪುಣ್ಯ ಬೇರೆ ಯಾವ ಕೆಲಸದಲ್ಲಿದೆ?

ಪಾಲುದಾರ

ಒಬ್ಬಳು ಸೂಜಿ ಕಂಡಿದ್ದೇ ತಡ, ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಪಕ್ಕದಲ್ಲಿ ನಿಂತಿದ್ದ ಗಂಡನನ್ನು ಮುಂದಕ್ಕೆ ತಳ್ಳಿ, "ಇವರ ಬೆರಳು ಚುಚ್ಚಿ ಮೇಡಂ. ಮಗು ಇಬ್ಬರದೂ ತಾನೇ?" ಅಂದಳು.

ಸರಿ, ನೋಡೇಬಿಡೋಣ ಅಂತ ನಾನು ಅವನ ಕಡೆ ಕೈ ಚಾಚಿದೆ. ಅಷ್ಟು ಹೊತ್ತೂ ಹೆಂಡತಿಗೆ ಧೈರ್ಯ ಹೇಳುತ್ತಿದ್ದ ಆ ದಾಂಡಿಗ ಎರಡು ಹೆಜ್ಜೆ ಹಿಂದೆ ಸರಿದ.

"ಮಗು ಇಬ್ಬರದೇ ಮೇಡಂ. ಜ್ವರ ಮಾತ್ರ ಅವಳ ಡಿಪಾರ್ಟ್‌ಮೆಂಟು."

ಎಲ್ಲಿ ಹೋಯಿತು ಇನ್ನೊಂದು ಗೆರೆ?

ಮಲೇರಿಯಾಕ್ಕೆ ಒಂದು ಪುಟ್ಟ ಕಾರ್ಡು ಇದೆ. ರಕ್ತದ ಹನಿ ಹಾಕಿ ಸ್ವಲ್ಪ ಹೊತ್ತು ಕಾದರೆ ಗೆರೆ ಮೂಡುತ್ತೆ. ಒಂದೇ ಗೆರೆ ಬಂದರೆ ಮಲೇರಿಯಾ ಇಲ್ಲ ಅಂತ ಅರ್ಥ. ಇದು ನನಗೆ ಗೊತ್ತು, ಕಾರ್ಡನ್ನೇ ದಿಟ್ಟಿಸುತ್ತಾ ಕೂತಿದ್ದ ಗಂಡನಿಗೆ ಗೊತ್ತಿರಲಿಲ್ಲ. ಒಂದು ಗೆರೆ ಮೂಡಿತು. ಅವನ ಮುಖ ಬಿಳಿಚಿಕೊಂಡಿತು.

"ಮೇಡಂ, ಹೋದ ತಿಂಗಳು ಮನೇಲಿ ನೋಡಿದಾಗ ಎರಡು ಗೆರೆ ಇತ್ತು! ಇನ್ನೊಂದು ಎಲ್ಲಿ ಹೋಯ್ತು?"

ಹೆಂಡತಿ ಹೊಟ್ಟೆ ಹಿಡಿದುಕೊಂಡು ಅಳೋದಕ್ಕೆ ಶುರು ಮಾಡಿದಳು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರಂತೆ. ಇಬ್ಬರನ್ನೂ ಕೂರಿಸಿ, ನೀರು ಕೊಟ್ಟು, ಬಸಿರು ನೋಡೋ ಆ ಕಾರ್ಡೇ ಬೇರೆ, ಮಲೇರಿಯಾದ ಈ ಕಾರ್ಡೇ ಬೇರೆ, ಇದರಲ್ಲಿ ಗೆರೆ ಕಮ್ಮಿ ಇದ್ದಷ್ಟೂ ಒಳ್ಳೇದು ಅಂತ ವಿವರಿಸುವಷ್ಟರಲ್ಲಿ ಹೊರಗೆ ಸಾಲು ಗೇಟು ದಾಟಿತ್ತು. ಅವಳು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವನು ಬಾಗಿಲವರೆಗೆ ಹೋಗಿ ವಾಪಸ್ ಬಂದ.

"ಮೇಡಂ, ಕಮ್ಮಿ ಇದ್ದಷ್ಟೂ ಒಳ್ಳೇದಾದ್ರೆ, ಆ ಒಂದನ್ನೂ ತೆಗೆದುಹಾಕೋಕೆ ಆಗಲ್ವಾ?"

ಹರಾಜು

ಆಗ ನಾನು ಕಾಸಿಮೇಡಿನ ಮೀನುಗಾರಿಕೆ ಬಂದರಿನ ಹತ್ತಿರದ ಆಸ್ಪತ್ರೆಯಲ್ಲಿದ್ದೆ. ಮೀನು ಮಾರುವ ಹೆಂಗಸೊಬ್ಬಳು, ಐದು ತಿಂಗಳ ಬಸುರಿ, ರಕ್ತ ಕೊಟ್ಟು ಹೋದವಳು ರಿಪೋರ್ಟಿಗೆ ಬರಲೇ ಇಲ್ಲ. ಅವಳಿಗೆ ಮಲೇರಿಯಾ ಇತ್ತು. ಬರೆಸಿದ್ದ ಫೋನ್ ನಂಬರು ಗಂಡನದು, ಗಂಡ ಬೋಟಿನಲ್ಲಿ ಸಮುದ್ರದ ಮೇಲೆ. ಡಾಕ್ಟರಮ್ಮನ ಮುಖ ನೋಡಿ ನನಗೂ ದಿಗಿಲಾಯಿತು. ಮಾರನೇ ದಿನ ಬೆಳಗಾಗುತ್ತಲೇ ಮಾತ್ರೆ ಹಿಡಿದುಕೊಂಡು ಬಂದರಿಗೆ ಓಡಿದೆ.

ಅಲ್ಲಿ ಹರಾಜಿನ ಗದ್ದಲ. ಗುಂಪಿನ ಆಚೆ ಅವಳು ಕಂಡಳು. ಕೂಗಿದರೆ ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡೂ ಕೈ ಎತ್ತಿ ಜೋರಾಗಿ ಬೀಸಿದೆ. ಹರಾಜು ಕೂಗುವವನು ಥಟ್ಟನೆ ನನ್ನ ಕಡೆ ಬೆರಳು ಮಾಡಿ, "ಮುಗೀತು! ಆ ಅಮ್ಮನಿಗೆ!" ಅಂದ. ಇಷ್ಟೆತ್ತರದ ಬುಟ್ಟಿಯೊಂದು ನನ್ನ ಕಾಲ ಬಳಿ ಬಂದು ಕೂತಿತು. ಒಳಗಿನ ಮೀನೆಲ್ಲ ನನ್ನನ್ನೇ ನೋಡುತ್ತಿದ್ದವು.

"ಅಯ್ಯೋ, ನಾನು ಮೀನು ತಿನ್ನಲ್ಲಪ್ಪಾ! ಆ ಬಸುರಿಗೆ ಮಾತ್ರೆ ಕೊಡೋದಕ್ಕೆ ಬಂದೆ!"

ಅವನು ಹರಾಜು ನಿಲ್ಲಿಸಿದ. ಜನರನ್ನು ಸರಿಸಿ ಅವಳನ್ನು ಕೈ ಹಿಡಿದು ಕರೆತಂದ. ಯಾರೋ ಕುರ್ಚಿ ತಂದರು, ಯಾರೋ ಇಡ್ಲಿ ತಂದರು. ನನ್ನ ಎದುರಿಗೇ ಅವಳು ಮೊದಲ ಮಾತ್ರೆ ನುಂಗಿದಳು. ಮುಂದಿನ ಮಾತ್ರೆಗಳನ್ನು ಅಲ್ಲಿನ ಹೆಂಗಸರೇ ಸರದಿ ಹಾಕಿಕೊಂಡು ನುಂಗಿಸಿದರಂತೆ. ದಿನ ತುಂಬಿ ಹೆಣ್ಣುಮಗು ಹುಟ್ಟಿತು, ತಾಯಿ ಮಗಳು ಇಬ್ಬರೂ ಗಟ್ಟಿಮುಟ್ಟು. ಆ ಜನರನ್ನು ನೆನೆದಾಗೆಲ್ಲ ಕೈ ತಾನಾಗಿ ಮುಗಿಯುತ್ತೆ.

ಆ ಹರಾಜಿನವನು ಮಾತ್ರ ಎದುರು ಸಿಕ್ಕಾಗೆಲ್ಲ ಕೇಳುತ್ತಿದ್ದ: "ತಿನ್ನದೇ ಇರೋರು ಎರಡೆರಡು ಕೈ ಯಾಕಮ್ಮಾ ಎತ್ತಿದ್ದು?"

ಕೊಸು

ಆಮೇಲೆ ಕ್ರೋಂಪೇಟೆಯ ಕಡೆಯ ಆಸ್ಪತ್ರೆಗೆ ಬಂದೆ. ಅಲ್ಲಿಗೆ ಪಲ್ಲಾವರಂನಿಂದ ಒಬ್ಬಳು ಕನ್ನಡದ ಹುಡುಗಿ, ಚೊಚ್ಚಲ ಬಸುರಿ, ಅತ್ತೆಯ ಜೊತೆ ಬಂದಳು. ಅತ್ತೆ ಮಂಡ್ಯ ಕಡೆಯವರು, ಚೆನ್ನೈಗೆ ಬಂದು ವಾರವಾಗಿತ್ತಷ್ಟೆ. ನಾನು ಒಳಗೆ ಸೊಸೆಯ ಬೆರಳು ಒರೆಸುತ್ತಿದ್ದೆ. ಹೊರಗೆ ನಮ್ಮ ನರ್ಸ್ ಅತ್ತೆಯನ್ನು ಕೂರಿಸಿಕೊಂಡು ತಮಿಳಿನಲ್ಲಿ ವಿಚಾರಿಸುತ್ತಿದ್ದಳು.

"ಉಂಗ ವೀಟ್ಲ ಕೊಸು ಇರುಕ್ಕಾ?"

"ಇಲ್ಲ ಕಣವ್ವ, ಇದೇ ಮೊದಲ್ನೇದು."

ನರ್ಸಿಗೆ ಅರ್ಥವಾಗಲಿಲ್ಲ. ಆದರೂ ಕೈ ಬಾಯಿ ತಿರುಗಿಸಿ ಬುದ್ಧಿವಾದ ಮುಂದುವರಿಸಿದಳು: "ಕೊಸು ವಂದಾ ವಿಡಾದೀಂಗ! ಅಡಿಚ್ಚು ಕೊಲ್ಲುಂಗ!" ಅಂದು ಎರಡೂ ಅಂಗೈ ಪಟ್ ಅಂತ ಬಡಿದು ತೋರಿಸಿದಳು.

ಮರುಕ್ಷಣ ಅತ್ತೆ ಒಳಗೆ ನುಗ್ಗಿ ಸೊಸೆಯ ರಟ್ಟೆ ಹಿಡಿದರು. "ಏಳವ್ವ, ಹೊಂಟೋಗುಮ! ಕೂಸು ಬಂದ್ರೆ ಬುಡಬ್ಯಾಡಿ, ಹೊಡ್ದು ಕೊಲ್ಲಿ ಅಂತಾವಳೆ ಆ ತಾಟಗಿತ್ತಿ!"

ನಾನು ಕನ್ನಡದಲ್ಲಿ "ಅಮ್ಮಾ, ನಿಂತ್ಕೊಳಿ! ಇವರ ಭಾಷೆಯಲ್ಲಿ ಕೊಸು ಅಂದ್ರೆ ಸೊಳ್ಳೆ!" ಅಂತ ಚೀರಿದ ಮೇಲೇ ಅವರು ಹಿಡಿತ ಸಡಿಲಿಸಿದ್ದು. ಕನ್ನಡದಲ್ಲಿ ಕೂಸು ಅಂದರೆ ಮಗು, ನಿಮ್ಮ ಕೊಸುವಿಗೆ ನಾವು ಸೊಳ್ಳೆ ಅಂತೀವಿ ಅಂತ ನರ್ಸಿಗೆ ಹೇಳಿದೆ. ಅವಳು ತಲೆ ಚಚ್ಚಿಕೊಂಡು ನಕ್ಕಳು, ಅತ್ತೆಯ ಕಾಲು ಮುಟ್ಟಿ ಕ್ಷಮೆ ಕೇಳಿದಳು, ಇನ್ನು ಮೇಲೆ ಈ ಎರಡು ಪದ ತಪ್ಪುವುದಿಲ್ಲ ಅಂತ ಬಾಯಿಪಾಠ ಮಾಡಿದಳು. ಸೊಸೆಗೆ ಮಲೇರಿಯಾ ಇರಲಿಲ್ಲ. ತಿಂಗಳು ತಿಂಗಳೂ ಬಂದು ತಪ್ಪದೆ ಬೆರಳು ಕೊಟ್ಟಳು.

ಮೊಮ್ಮಗನಿಗೆ ಮೂರು ತಿಂಗಳಾದಾಗ ಅತ್ತೆ ಅವನನ್ನು ಎತ್ತಿಕೊಂಡು, ನಮಗೆಲ್ಲ ಒಂದು ಡಬ್ಬ ಕಜ್ಜಾಯ ತಂದು, "ನಿಮ್ಮಿಂದ ಧೈರ್ಯವಾಗಿದ್ವಿ ಕಣ್ರವ್ವ" ಅಂದರು. ನನ್ನ ಕಣ್ಣು ತುಂಬಿ ಬಂತು. ನರ್ಸ್ ಓಡಿ ಬಂದು ಮಗುವನ್ನು ಎತ್ತಿಕೊಂಡಳು. ಕಲಿತ ಕನ್ನಡ ತೋರಿಸುವ ಉತ್ಸಾಹದಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಅಬ್ಬಾ, ಎಷ್ಟು ಚೆಂದದ ಸೊಳ್ಳೆ!"

ಅತ್ತೆ ಮೊಮ್ಮಗನನ್ನೊಮ್ಮೆ ನೋಡಿ ತಲೆಯಾಡಿಸಿದರು.

"ಹೂ ಕಣವ್ವ, ಸರಿಯಾಗೇ ಹೇಳ್ದೆ. ರಾತ್ರಿಯೆಲ್ಲಾ ಕಿವಿ ಹತ್ರ ಗುಂಯ್‌ಗುಡ್ತದೆ, ಕಣ್ಣು ಮುಚ್ಚಕ್ಕೆ ಬುಡಾಕಿಲ್ಲ."