ಮೇಷ್ಟ್ರ ರಕ್ತದಲ್ಲಿನ ಉರಿ

ವೈದ್ಯರ ಬಾಯಿಂದ ಹೊರಟ ಮಾತು ರೋಗಿಯ ಮನೆ ತಲುಪುವಷ್ಟರಲ್ಲಿ ಯಾವ ವೇಷ ಹಾಕಿಕೊಂಡಿರುತ್ತದೆ ಎಂಬುದನ್ನು ಕಾಲೇಜಿನಲ್ಲಿ ಯಾರೂ ಕಲಿಸುವುದಿಲ್ಲ. ನಾನು ಶಿವಮೊಗ್ಗದಲ್ಲಿ ಒಸಡಿನ ಕಾಯಿಲೆ ನೋಡುವ ದಂತವೈದ್ಯೆ. ಒಸಡು ಊದಿಕೊಂಡವರ ರಕ್ತದಲ್ಲೂ ಉರಿಯೂತವನ್ನು ತೋರಿಸುವ ಅಂಶ ಹೆಚ್ಚಿರುತ್ತದೆಯೇ, ಒಸಡು ವಾಸಿಯಾದ ಮೇಲೆ ಅದು ಇಳಿಯುತ್ತದೆಯೇ ಎಂದು ನೋಡುವ ಅಧ್ಯಯನವೊಂದನ್ನು ಮೈಮೇಲೆ ಎಳೆದುಕೊಂಡಿದ್ದೆ. ಚಿಕಿತ್ಸೆಗೆ ಮೊದಲೊಮ್ಮೆ, ಆಮೇಲೊಮ್ಮೆ ರಕ್ತ ತೆಗೆಯಬೇಕು. "ಹಲ್ಲಿರೋದು ಬಾಯಲ್ಲಿ, ಸೂಜಿ ಯಾಕ್ರೀ ಕೈಗೆ?" ಎಂದು ಗೊಣಗಿಕೊಂಡಾದರೂ ಜನ ಮೊದಲ ಸಲ ಕೊಡುತ್ತಾರೆ. ಎರಡನೆಯ ಸಲದ ಹೊತ್ತಿಗೆ ಒಸಡು ವಾಸಿಯಾಗಿರುತ್ತದೆ. ನನ್ನ ಮುಖವೂ ಅವರಿಗೆ ಮರೆತುಹೋಗಿರುತ್ತದೆ.

ಭದ್ರಾವತಿಯ ಮಹೇಶ್ವರಪ್ಪ ಮೇಷ್ಟ್ರು ಹೀಗೆಯೇ ನಾಪತ್ತೆಯಾದರು. ಬ್ರಷ್ ಸೋಕಿದರೆ ಸಾಕು, ಅವರ ಒಸಡಿನಲ್ಲಿ ರಕ್ತ ಬರುತ್ತಿತ್ತು. ಮೊದಲ ರಿಪೋರ್ಟ್ ನೋಡಿ ನಾನು, "ರಕ್ತದಲ್ಲೂ ಸ್ವಲ್ಪ ಉರಿಯೂತ ಇದೆ ಸರ್" ಎಂದು ಹೇಳಿ ಮುಂದಿನ ರೋಗಿಯತ್ತ ತಿರುಗಿದ್ದೆ. ಒಸಡು ಶುಚಿ ಮಾಡಿ ಕಳಿಸಿದ ಮೇಲೆ ಅವರು ಫೋನನ್ನೂ ಎತ್ತಲಿಲ್ಲ. ಕೊನೆಗೊಂದು ಭಾನುವಾರ ನಾನೇ ಸೂಜಿ, ಐಸ್ ಡಬ್ಬಿ ಹಿಡಿದುಕೊಂಡು ಭದ್ರಾವತಿ ಬಸ್ಸು ಹತ್ತಿದೆ.

ಬಾಗಿಲು ತೆರೆದ ಅವರ ಹೆಂಡತಿ ಗಿರಿಜಮ್ಮ ತುಟಿಗೆ ಬೆರಳಿಟ್ಟರು. "ಮೆಲ್ಲಗೆ ಡಾಕ್ಟ್ರಮ್ಮ, ಅವ್ರಿಗೆ ಗಾಬರಿ ಆಗ್ಬಾರ್ದು."

"ಯಾಕಮ್ಮ, ಏನಾಯ್ತು?"

"ನೀವೇ ಹೇಳಿದ್ರಲ್ಲ, ರಕ್ತದಲ್ಲಿ ಉರಿ ಇದೆ ಅಂತ. ನನ್ನ ತಮ್ಮ ಮೊಬೈಲಲ್ಲಿ ನೋಡಿದ. ಅದು ಹಾರ್ಟಿಗೆ ಸಂಬಂಧಪಟ್ಟಿದ್ದಂತೆ."

ಒಳಗೆ ಮೇಷ್ಟ್ರು ದಿಂಬಿಗೊರಗಿ ಉಪ್ಪು ಖಾರವಿಲ್ಲದ ಗಂಜಿ ಕುಡಿಯುತ್ತಿದ್ದರು. ಮಹಡಿ ಮೆಟ್ಟಿಲು ಹತ್ತುವಂತಿಲ್ಲ, ಟಿವಿಯಲ್ಲಿ ಕ್ರಿಕೆಟ್ ನೋಡುವಂತಿಲ್ಲ. ನನಗೆ ನಗು ಉಕ್ಕಿ ಬಂತು. ಆದರೆ ಗಿರಿಜಮ್ಮನ ಕಣ್ಣುಗಳು ಅತ್ತೂ ಅತ್ತೂ ಕೆಂಪಾಗಿದ್ದವು; ನಗುವನ್ನು ನುಂಗಿಕೊಂಡೆ. ಆಸ್ಪತ್ರೆಯವರು ಇನ್ನೇನು ಹೇಳಿಬಿಡುತ್ತಾರೋ ಎಂಬ ಭಯಕ್ಕೇ ಅವರು ಫೋನ್ ಎತ್ತಿರಲಿಲ್ಲ. ಒಸಡಿನ ಊತದಿಂದಲೂ ರಕ್ತದಲ್ಲಿ ಆ ಅಂಶ ಏರಬಹುದು, ಅದೊಂದರಿಂದಲೇ ಹೃದಯದ ಕಾಯಿಲೆ ಅನ್ನಲಾಗುವುದಿಲ್ಲ ಎಂದು ಪಕ್ಕದಲ್ಲಿ ಕೂತು ವಿವರಿಸಿದೆ. ಮೇಷ್ಟ್ರು ಕಣ್ಣು ಮುಚ್ಚಿ ತೋಳು ಚಾಚಿದರು.

ಎರಡನೆಯ ರಿಪೋರ್ಟಿನಲ್ಲಿ ಉರಿಯೂತ ಚೆನ್ನಾಗಿ ಇಳಿದಿತ್ತು. ಫೋನ್ ಮಾಡಿ ತಿಳಿಸಿದೆ. ಗಿರಿಜಮ್ಮ ಸಂತೋಷಕ್ಕೆ ಬಿಕ್ಕಿದರು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ದನಿ ಕೇಳಿಸಿತು. "ಒಳ್ಳೇದಾಯ್ತಮ್ಮ. ಆದ್ರೆ ಇವ್ಳು ಆಗ್ಲೇ ತರಕಾರಿ ಚೀಲ ತಂದು ಕೈಗೆ ಕೊಟ್ಟಿದಾಳೆ. ಇನ್ನೊಂದು ವಾರ ಬಿಟ್ಟು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಇನ್ನು ಮೇಲೆ ಅಳೆದು ತೂಗಿ ಮಾತಾಡಬೇಕೆಂದು ತೀರ್ಮಾನಿಸಿದೆ. ಮರುದಿನ ಗೋಪಾಳ ಬಡಾವಣೆಯಿಂದ ಗಂಡನ ಜೊತೆ ಬಂದ ಹೆಂಗಸೊಬ್ಬರನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಕೈ ಹಿಡಿದುಕೊಂಡು, "ಹೆದರುವಂಥದ್ದು ಖಂಡಿತ ಏನೂ ಇಲ್ಲಮ್ಮ" ಎಂದು ರಕ್ತದ ರಿಪೋರ್ಟನ್ನು ಇಷ್ಟಿಷ್ಟಾಗಿ ಬಿಡಿಸಿ ಹೇಳತೊಡಗಿದೆ. ಆಕೆ ಬಿಳಿಚಿಕೊಂಡು ಗಂಡನತ್ತ ತಿರುಗಿದರು.

"ರೀ, ಡಾಕ್ಟ್ರು ಇಷ್ಟು ನಯವಾಗಿ ಮಾತಾಡ್ತಿದಾರೆ ಅಂದ್ರೆ ನನ್ನ ಕಥೆ ಮುಗೀತು. ಮಗಳಿಗೊಂದು ಫೋನ್ ಮಾಡಿ."