ನೋಯದ ನಾಲ್ಕು ಹಲ್ಲುಗಳ ವಿಚಾರವಾಗಿ ಓಲಗದ ಕದಿರಯ್ಯನ ಅರಿಕೆ

ಮಾನ್ಯ ದಂತವೈದ್ಯರೇ,

ಮಧುಗಿರಿ ಪೇಟೆಯಲ್ಲಿ ಗಾಜಿನ ಬಾಗಿಲು ಹಾಕಿಸಿ, ಒಳಗೆ ತಣ್ಣನೆಯ ಗಾಳಿ ಬಿಡಿಸಿ, ಗೋಡೆಯ ತುಂಬ ನಗುವ ಬಾಯಿಗಳನ್ನು ತೂಗುಹಾಕಿ, ಸುತ್ತಲಿನ ನಾಲ್ಕು ತಾಲ್ಲೂಕುಗಳ ಹಲ್ಲುಗಳಿಗೆ ಅವು ಬೇಡಿಕೊಳ್ಳುವ ಮೊದಲೇ ಮುಕ್ತಿ ಕರುಣಿಸುತ್ತಿರುವ ತಮ್ಮ ಘನ ಸನ್ನಿಧಾನಕ್ಕೆ, ಕೊರಟಗೆರೆಯಲ್ಲಿ ಓಲಗ ಊದಿ ಬದುಕುವ ಕದಿರಯ್ಯನೆಂಬ ಇಪ್ಪತ್ತೊಂಬತ್ತರ ಪ್ರಾಯದವನು ಅಡ್ಡಬಿದ್ದು ಮಾಡುವ ಅರಿಕೆ. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಆರೋಗ್ಯವಾಗಿರುವುದು ತಮ್ಮ ದೃಷ್ಟಿಯಲ್ಲಿ ಚಿಕಿತ್ಸೆಗೆ ಅಡ್ಡಿಯಲ್ಲವೆಂಬುದನ್ನು ಅನುಭವದಿಂದ ಬಲ್ಲವನಾದ್ದರಿಂದ, ಕೊಂಚ ಅಳುಕಿನಿಂದಲೇ ನಂಬಿದ್ದೇನೆ.

ಹೋದ ವರ್ಷ ಆಷಾಢಕ್ಕೆ ಹತ್ತು ದಿನ ಮುಂಚೆ ನನ್ನ ತಾಯಿ ಕಾಟಮ್ಮನ ಹುಳುಕು ಹಲ್ಲನ್ನು ತೋರಿಸಲು ತಮ್ಮಲ್ಲಿಗೆ ಬಂದಿದ್ದೆ. ಅದನ್ನು ತಾವು ಚೆನ್ನಾಗಿಯೇ ತುಂಬಿ ಕಳಿಸಿದಿರಿ. ಅವ್ವ ಇವತ್ತಿಗೂ ಅದರಲ್ಲಿ ಹುರಿದ ಕಡಲೆಕಾಯಿ ಅಗಿಯುತ್ತಾಳೆ. ಅಷ್ಟಕ್ಕೇ ನಿಂತಿದ್ದರೆ ಈ ಪತ್ರದ ಕೆಲಸವೇ ಇರಲಿಲ್ಲ. ಆದರೆ ಬೆಂಚಿನ ಮೇಲೆ ತನ್ನ ಪಾಡಿಗೆ ತಾನು ಕುಳಿತವನನ್ನು ಕಂಡರೆ ತಮ್ಮ ಕರುಳು ಚುರುಕ್ಕೆನ್ನುತ್ತದೆ. ಇವತ್ತು ಎಕ್ಸ್‌ರೇ ಉಚಿತ ಎಂದು ನನ್ನನ್ನೂ ಒಳಗೆ ಕರೆಸಿದಿರಿ, ಗದ್ದವನ್ನು ಒಂದು ಕಂಬಿಗೆ ಆನಿಸಿ ನಿಲ್ಲಿಸಿದಿರಿ, ಯಂತ್ರವೊಂದು ನನ್ನ ತಲೆಯ ಸುತ್ತ ಪ್ರದಕ್ಷಿಣೆ ಬಂತು. ದೇವರಿಗೆ ಸಲ್ಲುವ ಆ ಮರ್ಯಾದೆಯಿಂದ ನಾನು ಉಬ್ಬಿಹೋಗಿರುವಾಗಲೇ, ತಾವು ಪರದೆಯ ಮೇಲೆ ನನ್ನ ಬಾಯನ್ನು ಹರಡಿ, ಮೂಲೆಗಳಲ್ಲಿದ್ದ ನಾಲ್ಕು ಬುದ್ಧಿಹಲ್ಲುಗಳನ್ನು ಪೆನ್ನಿನಿಂದ ಕುಟ್ಟಿ ತೋರಿಸಿದಿರಿ.

“ನೋವಿದೆಯಾ?” ಎಂದಿರಿ.

“ಇಲ್ಲ ಸಾ.”

“ಊತ? ರಕ್ತ? ವಾಸನೆ?”

“ಏನೂ ಇಲ್ಲ ಸಾ.”

“ಅದೇ ಡೇಂಜರ್. ಸುಮ್ನಿದಾವೆ ಅಂತ ನಂಬಬಾರದು. ನಾಲ್ಕೂ ಒಂದೇ ಸಲ ತೆಗೆದುಬಿಡೋಣ.”

ಸುಮ್ಮನಿರುವುದೇ ತಪ್ಪಿಗೆ ಸಾಕ್ಷಿ ಎಂಬ ಈ ನ್ಯಾಯವನ್ನು ಇಷ್ಟು ಚಿಕ್ಕ ಊರಿನಲ್ಲಿ ಕೇಳುವ ಭಾಗ್ಯ ನನಗೆ ಬರುತ್ತದೆಂದು ಅಂದುಕೊಂಡಿರಲಿಲ್ಲ. ನನ್ನ ಹೆಸರು, ವಯಸ್ಸು, ಫೋನ್ ನಂಬರು, ತಮ್ಮ ಕೀರ್ತಿ ನನಗೆ ಯಾರಿಂದ ತಲುಪಿತು, ಮೊಬೈಲಿನಲ್ಲಿ ತಮಗೆ ಐದು ನಕ್ಷತ್ರ ಒತ್ತಬಲ್ಲೆನೋ ಇಲ್ಲವೋ, ಎಲ್ಲವನ್ನೂ ವಿಚಾರಿಸಿದ ತಾವು, ನಾನು ಯಾವ ಕೆಲಸ ಮಾಡುತ್ತೇನೆಂದು ಮಾತ್ರ ಕೇಳಲಿಲ್ಲ. ನಾನೂ ಹೆದರಿದ್ದೆ, ಆಷಾಢದಲ್ಲಿ ಮದುವೆಗಳಿಲ್ಲವಾದ್ದರಿಂದ ಆ ತಿಂಗಳ ಎರಡನೆಯ ಬುಧವಾರಕ್ಕೆ ಒಪ್ಪಿಕೊಂಡೆ.

ಆ ಬುಧವಾರ ತಮ್ಮ ಕುರ್ಚಿಯ ಮೇಲೆ ಮಲಗಿಸಿ, ಕೊರಳಿಗೆ ನೀಲಿ ಹಾಳೆ ಕಟ್ಟಿ, ಕೈಗೆ ಒಂದು ಫಾರಂ ಕೊಟ್ಟು ಸಹಿ ಮಾಡೆಂದಿರಿ. ಇಂಗ್ಲಿಷಿನಲ್ಲಿತ್ತು. ಜೊತೆಗೆ ಬಂದಿದ್ದ, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ನನ್ನ ಹೆಂಡತಿ ಮಂಜುಳಾ ಕೈಗೆ ಸಿಕ್ಕ ಕಾಗದವನ್ನು ಓದದೆ ಬಿಡುವವಳಲ್ಲ. ಕೊನೆಯ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು.

“ಸರ್, ಕೆಳತುಟಿ, ಗದ್ದ, ನಾಲಿಗೆ ಜೋಮು ಹಿಡೀಬಹುದು, ಅಪರೂಪಕ್ಕೆ ಅದು ಹಂಗೇ ಉಳೀಬಹುದು ಅಂತ ಬರ್ದೈತಲ್ಲ?” ಎಂದಳು.

“ಅದು ಎಲ್ರಿಗೂ ಬರೆಯೋದಮ್ಮ. ಎಷ್ಟೋ ಜನದಲ್ಲಿ ಒಬ್ಬರಿಗೆ ಆಗುತ್ತೆ ಅಷ್ಟೆ.”

“ಆ ಒಬ್ರು ಇವ್ರೇ ಆದ್ರೆ? ಇವ್ರು ಓಲಗ ಊದೋರು ಸರ್. ತುಟೀಲೇ ನಮ್ಮ ಜೀವ್ನ.”

ತಾವು ಆಗ ಕೈಗವಸು ಹಾಕಿಕೊಳ್ಳುತ್ತಿದ್ದಿರಿ. ನನ್ನನ್ನು ನೋಡದೆಯೇ ನಕ್ಕು, “ಹಂಗೇನಾದ್ರೂ ಆದ್ರೆ ಡೋಲು ಬಾರಿಸಲಿ ಬಿಡಮ್ಮ, ಅದಕ್ಕೆ ತುಟಿ ಬೇಕಾಗಿಲ್ಲ” ಎಂದಿರಿ.

ಮಹಾಶಯರೇ, ತಮ್ಮ ಹಾಸ್ಯಪ್ರಜ್ಞೆಗೆ ಕೈಮುಗಿದೆ. ಎಂಟನೆಯ ವಯಸ್ಸಿನಿಂದ ಅಪ್ಪನ ಎದುರು ಕುಳಿತು, ಓಲಗದ ತುದಿಯ ಆ ಪುಟ್ಟ ಪೀಪಿಯನ್ನು ತುಟಿಗಳ ನಡುವೆ ಎಷ್ಟು ಬಿಗಿ ಹಿಡಿಯಬೇಕು, ಎಷ್ಟು ಸಡಿಲ ಬಿಡಬೇಕೆಂದು ಬಾಯಿ ಒಡೆಯುವಷ್ಟು ಕಲಿತದ್ದನ್ನು ತಾವು ಕೈಗವಸಿನ ಎರಡನೆಯ ಬೆರಳು ಏರಿಸುವಷ್ಟರಲ್ಲಿ ಪರಿಹರಿಸಿಬಿಟ್ಟಿರಿ. ನಾನು ಎದ್ದೆ. ಕೊರಳಿನ ನೀಲಿ ಹಾಳೆಯನ್ನು ಬಿಚ್ಚುವುದೂ ಮರೆತು, ಹಾಗೆಯೇ ಬಸ್‌ಸ್ಟ್ಯಾಂಡಿನವರೆಗೂ ನಡೆದೆ.

ಮನೆಯಲ್ಲಿ ಅವ್ವ ತಮ್ಮ ಪಕ್ಷ ವಹಿಸಿದಳೆಂಬುದನ್ನು ತಾವು ತಿಳಿದು ಸಂತೋಷಪಡಬೇಕು. “ಕೀಳಿಸ್ಬುಡ್ಲಾ ಮಗಾ. ನಾಳೆ ಮುಹೂರ್ತದ ಹೊತ್ಗೇ ಕೆನ್ನೆ ಊದ್ಕೊಂಡ್ರೆ ಹೆಂಗ್ಲಾ ಊದ್ತೀಯ?” ಎಂದಳು. ಮಾತಿನಲ್ಲಿ ಸತ್ಯವಿತ್ತು. ಹನ್ನೆರಡು ವರ್ಷದಿಂದ ನನ್ನ ಜೊತೆಗೆ ಡೋಲು ಬಾರಿಸುವ ಅಡವಯ್ಯ ಒಪ್ಪಲಿಲ್ಲ: “ಹಲ್ಲಿಲ್ದೆ ಊದ್ಬೋದು ಕಣಮ್ಮ, ತುಟಿ ಇಲ್ದೆ ಊದಾಕಾಯ್ತದಾ? ಡೋಲು ಬಾರ್ಸಕ್ಕೆ ತುಟಿ ಬ್ಯಾಡ ಅಂದ್ನಂತೆ. ಕೈ ಬೇಕಲ್ವಾ? ನಂಗೆ ಈ ಕೈ ಬರಕ್ಕೆ ಇಪ್ಪತ್ತು ವರ್ಷ ಆಯ್ತು.”

ಇಬ್ಬರ ಮಾತನ್ನೂ ಕೇಳಿದ ನಾನು ಸೋಡಾ ಅಂಗಡಿಯಿಂದ ಒಂದು ಐಸ್ ಗಡ್ಡೆ ತಂದೆ. ಕೆಳತುಟಿಗೆ ಒತ್ತಿ ಹಿಡಿದು, ಅದು ನನ್ನದಲ್ಲ ಎನ್ನಿಸುವವರೆಗೂ ಕಾದು, ಓಲಗ ಎತ್ತಿ ಊದಿದೆ. ಗಾಳಿ ಬಾಯ ಬದಿಯಿಂದ ಸೋರಿತು. ಪಂಚರ್ ಆದ ಟ್ಯೂಬಿನ ಹಾಗೆ ಬುಸ್ಸೆಂದಿತೇ ಹೊರತು ಸ್ವರ ಕಟ್ಟಲಿಲ್ಲ. ಜೊಲ್ಲು ಅಂಗಿಯ ಮೇಲೆ ಇಳಿದದ್ದು ನನಗೆ ಗೊತ್ತೂ ಆಗಲಿಲ್ಲ. ಮಂಜುಳಾ ಸೆರಗಿನಿಂದ ಒರೆಸಿದಳು. ಅವ್ವ, “ಸಾಕು, ಬುಡಪ್ಪ” ಎಂದು ಒಳಗೆ ಹೋದಳು. ಕಾಲು ಗಂಟೆಯಲ್ಲಿ ತುಟಿ ಮರಳಿ ಬಂತು. ಅಷ್ಟು ಹೊತ್ತು ನಾನು ಪಟ್ಟ ಭಯವನ್ನು ತಮ್ಮ ಯಾವ ಎಕ್ಸ್‌ರೇ ಯಂತ್ರವೂ ತೋರಿಸಲಾರದು.

ಮರುದಿನ ನಾವು ಸರ್ಕಾರಿ ಆಸ್ಪತ್ರೆಯ ದಂತವೈದ್ಯೆ ಬಿಂದುಶ್ರೀ ಅವರ ಬಳಿಗೆ ಹೋದೆವು. ಅಲ್ಲಿ ತಣ್ಣನೆಯ ಗಾಳಿ ಇರಲಿಲ್ಲ, ಫ್ಯಾನು ಕೂಡ ಬೇಕಾದಾಗ ಮಾತ್ರ ತಿರುಗುತ್ತಿತ್ತು. ಆಕೆ ತಾವು ಅಂದು ಕೊಟ್ಟಿದ್ದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ನನ್ನ ಬಾಯನ್ನೂ ನೋಡಿದರು, ಆಮೇಲೆ ತಮಗೆ ಅಶಿಸ್ತೆಂದು ತೋರಬಹುದಾದ ಒಂದು ಕೆಲಸ ಮಾಡಿದರು: “ಏನು ಕೆಲಸ ಮಾಡ್ತೀರಾ?” ಎಂದು ಕೇಳಿದರು.

ನಾನು ಹೇಳಿದೆ. ಆಕೆ ಕುರ್ಚಿ ಹತ್ತಿರ ಎಳೆದುಕೊಂಡರು.

“ಕೆಳಗಿನ ಬಲಗಡೆಯದು ಓರೆಯಾಗಿದೆ, ಬೇರು ತುಟಿಗೆ ಹೋಗೋ ನರದ ಹತ್ರಾನೇ ಇದೆ. ಯಾವತ್ತೂ ತೆಗೀಬಾರದು ಅಂತ ನಾನು ಹೇಳಲ್ಲ. ಹುಳುಕು ಹಿಡಿದ್ರೆ, ಪದೇಪದೇ ಒಸಡು ಊದಿಕೊಂಡ್ರೆ, ಪಕ್ಕದ ಹಲ್ಲು ಕೆಡಿಸಿದ್ರೆ ತೆಗೀಲೇಬೇಕು, ವಯಸ್ಸಾದಷ್ಟೂ ಕಷ್ಟಾನೂ ಹೆಚ್ಚು. ಆದ್ರೆ ಇವತ್ತು ಅದು ನಿಮಗೆ ಏನೂ ಮಾಡಿಲ್ಲ. ಎರಡೂ ಕಡೆ ಅಪಾಯ ಇದೆ, ಯಾವುದನ್ನ ಹೊರ್ತೀರಾ ಅನ್ನೋದು ನೀವೇ ಹೇಳ್ಬೇಕು.”

ನಾನು ಮಂಜುಳಾಳ ಮುಖ ನೋಡಿದೆ. “ಕಾಯ್ತೀನಿ ಮೇಡಂ,” ಎಂದೆ.

“ಸರಿ. ಆದ್ರೆ ಮರೆತು ಕೂರೋದಲ್ಲ. ವರ್ಷಕ್ಕೊಂದ್ಸಲ ಬರಬೇಕು, ನೋವಿದ್ರೆ ಅವತ್ತೇ ಬರಬೇಕು.”

ಈಗ ತಮಗೆ ಪ್ರಿಯವಾದ ಸುದ್ದಿ. ಈ ವರ್ಷ ತೋರಿಸಲು ಹೋದಾಗ ಮೇಲಿನ ಎಡಗಡೆಯ ಬುದ್ಧಿಹಲ್ಲಿಗೆ ಹುಳುಕು ಹತ್ತಿತ್ತು. ಬ್ರಷ್ಷು ಮುಟ್ಟದ ಜಾಗವಂತೆ. ಮೇಲಿನ ಹಲ್ಲಿಗೆ ಆ ತುಟಿಯ ನರದ ಗೊಡವೆಯಿಲ್ಲವೆಂದು ವಿವರಿಸಿ ಬಿಂದುಶ್ರೀಯವರು ಅದನ್ನು ಕಿತ್ತರು. ಎರಡು ವಾರ ಗಂಜಿ ಕುಡಿದು ಸುಮ್ಮನಿದ್ದೆ, ಆಮೇಲೆ ಕಳ್ಳಂಬೆಳ್ಳದ ಒಂದು ಮದುವೆಯಲ್ಲಿ ಊದಿದೆ. ಆದ್ದರಿಂದ ನಾಲ್ಕರಲ್ಲಿ ಒಂದರ ಮಟ್ಟಿಗೆ ತಮ್ಮ ಭವಿಷ್ಯವಾಣಿ ನಿಜವಾಯಿತು. ನಮ್ಮೂರ ಗಿಳಿಶಾಸ್ತ್ರದವನಿಗೂ ಹೆಚ್ಚುಕಡಿಮೆ ಅಷ್ಟೇ ನಿಜವಾಗುತ್ತದೆ, ಪಾಪ, ಅವನಲ್ಲಿ ಇಕ್ಕಳವಿಲ್ಲ.

ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟೇ. ಮುಂದೆ ಯಾರಿಗಾದರೂ ಬೇರೆ ಕಸುಬು ಸೂಚಿಸುವ ಮೊದಲು ತಾವು ಒಂದು ಮುಹೂರ್ತಕ್ಕೆ ಡೋಲು ಬಾರಿಸಿ ತೋರಿಸಬೇಕು. ಅಡವಯ್ಯ ತಾಳ ಹಾಕುತ್ತಾನೆ. ಫಾರಂನ ಕೊನೆಯ ಸಾಲಿನ ಕೆಳಗೆ, ರೋಗಿಯ ತುಟಿ ಹೋದಲ್ಲಿ ವೈದ್ಯರು ತಮ್ಮ ತುಟಿಯನ್ನು ಮದುವೆಯ ಕಾಲಕ್ಕೆ ಕಡ ಕೊಡತಕ್ಕದ್ದು ಎಂದು ಸೇರಿಸಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು.

ಇಷ್ಟು ದಿನ ಸುಮ್ಮನಿದ್ದವನು ಈಗೇಕೆ ಬರೆಯುತ್ತಿದ್ದೇನೆಂದರೆ, ಹೋದ ಸೋಮವಾರ ಶಿರಾದಲ್ಲಿ ತಮ್ಮ ಹೊಸ ಶಾಖೆಯ ಪ್ರಾರಂಭೋತ್ಸವಕ್ಕೆ ಓಲಗ ಊದಿದವನು ನಾನೇ. ತಮ್ಮ ಮ್ಯಾನೇಜರು ಅಡವಯ್ಯನಿಗೆ ವೀಳ್ಯ ಕೊಟ್ಟಿದ್ದರು. ಯಾರ ಅಂಗಡಿಯೆಂದು ನಮಗೆ ತಿಳಿದದ್ದು ಬಾಗಿಲಲ್ಲಿ ನಿಂತ ಮೇಲೆ. ವೀಳ್ಯ ಹಿಡಿದ ಮೇಲೆ ಊದದೆ ಬರುವುದು ನಮ್ಮ ಮನೆತನದಲ್ಲಿಲ್ಲ. ತಾವು ರಿಬ್ಬನ್ ಕತ್ತರಿಸಿ ಬಂದು, “ಎಂಥಾ ಉಸಿರು ರೀ ನಿಮ್ದು! ಎಲ್ಲಿಯವರು?” ಎಂದು ನನ್ನ ಭುಜ ತಟ್ಟಿದಿರಿ. ನನ್ನ ಮುಖ ತಮಗೆ ನೆನಪಿರಲಿಲ್ಲ. ಉತ್ತರ ಹೇಳಲು ನಾನು ಬಾಯಿ ತೆರೆದೆ. ತಾವು ಬಗ್ಗಿ ಒಳಗೆ ನೋಡಿದಿರಿ, ತಮ್ಮ ಮುಖ ಅರಳಿತು: “ಓ, ನೀವಾ! ಕೆಳಗಡೆದು ಇನ್ನೂ ತೆಗೆಸಿಲ್ವಾ?”

ಮೂರು ಬುದ್ಧಿಹಲ್ಲು ಮತ್ತು ಒಂದು ಪೂರ್ತಿ ತುಟಿಯೊಂದಿಗೆ,
ತಮ್ಮ ವಿಶ್ವಾಸಿ,
ಕದಿರಯ್ಯ, ಓಲಗದವರು
ಕೊರಟಗೆರೆ

ವಿ.ಸೂ.: ಅವತ್ತು ಶಿರಾದಲ್ಲಿ ಸಿಹಿ ಹಂಚುವಾಗ, ನಮ್ಮ ಜೊತೆ ಬಂದಿದ್ದ ನನ್ನ ಅವ್ವ ತಮ್ಮನ್ನು, “ಸ್ವಾಮೀ, ನಿಮ್ಮ ಬುದ್ಧಿಹಲ್ಲು ಕೀಳಿಸ್ಕೊಂಡ್ರಾ?” ಎಂದು ಕೇಳಿದಳಂತೆ. ತಾವು ಲಾಡು ಅಗಿಯುತ್ತ, “ನಂಗೇನು ನೋವಿಲ್ವಲ್ಲಮ್ಮ” ಎಂದಿರಂತೆ. ಅವ್ವ ಅಂದಿನಿಂದ ತಮ್ಮ ಪಕ್ಷ ಬಿಟ್ಟಿದ್ದಾಳೆ.