ಮೂರು ತುಂಡಾಗಿ ಹೋದ ಸುದ್ದಿ

ನಲವತ್ತು ದಾಟಿದ ಮೇಲೆ ಮನುಷ್ಯ ಹೊಸದಾಗಿ ಏನನ್ನೂ ಕಲಿಯಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕಲಿಯಲೇಬೇಕೆಂಬ ಹಟವಿದ್ದರೆ ಸೈಕಲ್ಲನ್ನೋ ಈಜನ್ನೋ ಕಲಿಯಲಿ. ಅವುಗಳಲ್ಲಿ ಬಿದ್ದರೂ ಮುಳುಗಿದರೂ ಕಲಿತವನೊಬ್ಬನಿಗೇ ಕಷ್ಟ. ಆದರೆ ಕೆಲವು ವಿದ್ಯೆಗಳಿವೆ, ಕಲಿತವನು ಕ್ಷೇಮವಾಗಿರುತ್ತಾನೆ, ಅವನ ಮನೆಯವರು ಅನುಭವಿಸುತ್ತಾರೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ನಾನು ಕಲಿಯಹೋದ ಕಂಪ್ಯೂಟರ್ ಜಾಲದ ವಿದ್ಯೆ ಈ ಎರಡನೆಯ ಜಾತಿಗೆ ಸೇರಿದ್ದು.

ಆಗ ನಾನು ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನನ್ನ ಮನೆಯ ಎಡಕ್ಕೂ ಬಲಕ್ಕೂ ಮಗ್ಗಗಳಿದ್ದವು. ಅವುಗಳ ಲಟಪಟ ಸದ್ದಿನಲ್ಲಿ ನಾನೂ ನನ್ನ ಹೆಂಡತಿ ಸರೋಜಳೂ ಸಂಸಾರ ಮಾಡಿದ್ದರಿಂದ ಹದಿನೈದು ವರ್ಷ ನಮ್ಮಿಬ್ಬರಿಗೂ ಜಗಳವಾಗಿರಲಿಲ್ಲ. ಒಬ್ಬರು ಅಂದದ್ದು ಇನ್ನೊಬ್ಬರಿಗೆ ಕೇಳಿಸಿದ್ದರೆ ತಾನೆ? ಹೀಗೆ ನೆಮ್ಮದಿಯಾಗಿದ್ದಾಗ ಒಂದು ದಿನ ಪ್ರಿನ್ಸಿಪಾಲರು ಕರೆದು, ಬೆಂಗಳೂರಿನಲ್ಲಿ ವಿಶ್ವವಿದ್ಯಾಲಯದವರು ಕಂಪ್ಯೂಟರ್ ಜಾಲದ ಬಗ್ಗೆ ಪ್ರಾಥಮಿಕ ತರಗತಿ ನಡೆಸುತ್ತಾರೆ, ಪ್ರತಿ ಶನಿವಾರ, ಕಾಲೇಜಿಗೊಬ್ಬರು ಹೋಗಬೇಕು ಎಂದರು. ‘ನಾನೇ ಯಾಕೆ ಸಾರ್?’ ಎಂದೆ. ‘ಹೋದ ವರ್ಷ ಕಾಲೇಜಿನ ಕರೆಗಂಟೆ ಕೆಟ್ಟಾಗ ರಿಪೇರಿ ಮಾಡಿದ್ದು ನೀವೇ ಅಲ್ವಾ?’ ಎಂದರು. ಒಂದು ಸ್ಕ್ರೂ ತಿರುಗಿಸಿದ ಪಾಪಕ್ಕೆ ಶನಿವಾರಗಳೆಲ್ಲ ಹೋದವು.

ಪಾಠ ಹೇಳುತ್ತಿದ್ದವರು ಹೊರದೇಶದಲ್ಲಿ ಓದಿ ಬಂದ ಒಬ್ಬ ಪ್ರೊಫೆಸರು. ನನಗಿಂತ ಚಿಕ್ಕವರು, ಬಹಳ ಒಳ್ಳೆಯವರು. ಮೊದಲನೆಯ ದಿನ ನಮ್ಮನ್ನೆಲ್ಲ ಒಂದು ಗಾಜಿನ ಕೋಣೆಯ ಮುಂದೆ ಚಪ್ಪಲಿ ಬಿಡಿಸಿ ನಿಲ್ಲಿಸಿ ಕಂಪ್ಯೂಟರಿನ ದರ್ಶನ ಮಾಡಿಸಿದರು. ಒಳಗೆ ತಣ್ಣನೆಯ ಗಾಳಿಯಲ್ಲಿ ಬೀರುಗಳ ಹಾಗೆ ಏನೇನೋ ನಿಂತಿದ್ದವು. ಪೂಜಾರಿಯಂಥ ಒಬ್ಬರು ಒಳಗೆ ಓಡಾಡುತ್ತಿದ್ದರು. ತೀರ್ಥ ಕೊಡಲಿಲ್ಲ, ಅಷ್ಟೆ. ಆಮೇಲೆ ಪ್ರೊಫೆಸರು, ‘ಜಾಲ ಅಂದರೆ ಕನಿಷ್ಠ ಎರಡು ಕಂಪ್ಯೂಟರ್ ಇರಬೇಕು. ನಮ್ಮಲ್ಲಿರೋದು ಇದೊಂದೇ. ಇನ್ನೊಂದನ್ನು ದಯವಿಟ್ಟು ನೀವು ಊಹಿಸಿಕೊಳ್ಳಿ’ ಎಂದರು. ಊಹಿಸಿಕೊಂಡೆವು. ಮುಂದಿನ ಪಾಠಗಳೆಲ್ಲ ಈ ಒಂದು ಕಂಪ್ಯೂಟರು ಆ ಇಲ್ಲದ ಕಂಪ್ಯೂಟರಿಗೆ ಸುದ್ದಿ ಹೇಗೆ ಕಳಿಸುತ್ತದೆ ಎಂಬುದೇ.

ಕಳಿಸುವ ರೀತಿ ಸೊಗಸಾಗಿತ್ತು. ದೊಡ್ಡ ಸುದ್ದಿಯನ್ನು ಇಡಿಯಾಗಿ ಕಳಿಸುವುದಿಲ್ಲ, ತುಂಡು ಮಾಡುತ್ತಾರೆ. ಪ್ರತಿ ತುಂಡಿಗೂ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಬೇರೆ ಬೇರೆ ದಾರಿಯಲ್ಲಿ ಬಿಡುತ್ತಾರೆ. ಯಾವುದು ಮೊದಲು ತಲುಪಿದರೂ ಚಿಂತೆಯಿಲ್ಲ, ಆ ಕಡೆಯವರು ಅಂಕಿ ನೋಡಿ ಜೋಡಿಸಿಕೊಳ್ಳುತ್ತಾರೆ. ತಲುಪಿದ ತುಂಡಿಗೆ ‘ತಲುಪಿತು’ ಎಂದು ಮರುಸುದ್ದಿ ಬರುತ್ತದೆ. ಬರದಿದ್ದರೆ ಆ ತುಂಡು ಕಳೆದುಹೋಯಿತೆಂದು ತಿಳಿದು ಮತ್ತೆ ಕಳಿಸಬೇಕು. ಇದನ್ನು ಒಂದು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ವಿವರಿಸಿದೆ. ಹತ್ತಿರದ ಮಧುರೆ ಹಳ್ಳಿಯಿಂದ ಬಂದಿದ್ದ ನನ್ನ ಮಾವ ಮುದ್ದೆ ಮುರಿಯುತ್ತ ಗಮನವಿಟ್ಟು ಕೇಳಿ, ‘ಅಲ್ಲ ಅಳಿಯಂದ್ರೇ, ಸುಮ್ನೆ ಇಡೀದಾಗಿ ಹೇಳ್ ಕಳ್ಸಕ್ಕೆ ಏನ್ ರೋಗ ಅವಕ್ಕೆ?’ ಎಂದರು.

ಮಾವ ಬಂದಿದ್ದಕ್ಕೆ ಕಾರಣ ಅವರು ಜೊತೆಗೆ ಕರೆತಂದಿದ್ದ ನನ್ನ ನಾದಿನಿ ಜಯ. ಅವಳನ್ನು ನೋಡಲು ಆ ಭಾನುವಾರ ಹೊಸಕೋಟೆಯಿಂದ ಗಂಡಿನವರು ಬರುವುದಿತ್ತು. ಬಸ್ಸಿನ ಅನುಕೂಲಕ್ಕೆಂದು ನಮ್ಮ ಮನೆಯಲ್ಲೇ ಏರ್ಪಾಡು. ಹುಡುಗ ನಾಗರಾಜ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಜಯಳಿಗೆ ಆಗಲೇ ಇಪ್ಪತ್ತಾರು. ಹಿಂದೆ ಎರಡು ಕಡೆಯವರು ಬಂದು, ಕೇಸರಿಬಾತು ತಿಂದು, ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಹೋದವರು ಊರು ತಲುಪಿದರೋ ಇಲ್ಲವೋ ಎಂಬುದೇ ತಿಳಿದಿರಲಿಲ್ಲ. ಎರಡನೆಯವರು ಹೋದ ಮೇಲೆ ಜಯ ರೇಷ್ಮೆ ಸೀರೆಯನ್ನು ಮಡಿಸುತ್ತ, ‘ಅಕ್ಕಾ, ಇನ್ಮೇಲೆ ಬರೋರಿಗೆ ಕೇಸರಿಬಾತ್ ಮಾತ್ರ ತೋರ್ಸಿ ಕಳ್ಸೇ, ಅದಂತೂ ಎಲ್ರಿಗೂ ಒಪ್ಗೆ ಆಗುತ್ತೆ’ ಎಂದಿದ್ದಳಂತೆ. ಸರೋಜ ಅದನ್ನು ನನಗೆ ನಗುತ್ತಲೇ ಹೇಳಲು ಹೊರಟು ಪೂರ್ತಿ ಮಾಡಲಾಗದೆ ಒಳಗೆ ಹೋಗಿದ್ದಳು. ಹಾಗಾಗಿ ಈ ಸಂಬಂಧದ ಮೇಲೆ ನಮಗೆಲ್ಲ ಬಹಳ ಆಸೆಯಿತ್ತು.

ಗುರುವಾರ ಬೆಳಿಗ್ಗೆ ಜಯಳ ಮೈಮೇಲೆಲ್ಲ ಗುಳ್ಳೆ ಎದ್ದವು. ಡಾಕ್ಟರು ಸೀತಾಳಸಿಡುಬು ಎಂದರು. ಮಾವ ಆ ಹೆಸರನ್ನು ಬಾಯಲ್ಲಿ ಆಡಲೊಲ್ಲದೆ, ‘ಅಮ್ಮ ಬಂದವ್ಳೆ’ ಎಂದು ಕೈಮುಗಿದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಲೆಯ ಮೇಲೆ ಒಗ್ಗರಣೆ ನಿಂತಿತು. ಮನೆಯವರು ಯಾರೂ ಇನ್ನೊಬ್ಬರ ಮನೆಯ ಹೊಸಿಲು ತುಳಿಯಬಾರದು ಎಂದಾಯಿತು. ಈಗ ಗಂಡಿನವರಿಗೆ ಬರಬೇಡಿ ಎಂದು ತಿಳಿಸುವುದು ಹೇಗೆ? ಕಾಗದ ಹಾಕಿದರೆ ಸೋಮವಾರ ತಲುಪುತ್ತದೆ. ತಂತಿ ಕೊಟ್ಟರೆ, ತಂತಿ ಎಂದರೆ ಸಾವೆಂದೇ ಅರ್ಥವಾಗಿದ್ದ ಕಾಲ, ಒಡೆಯುವ ಮೊದಲೇ ಅಳಲು ಶುರುಮಾಡುತ್ತಾರೆ. ಯಾರ ಕೈಲಾದರೂ ಹೇಳಿ ಕಳಿಸೋಣವೆಂದರೆ ಮಾವ ಒಪ್ಪಲಿಲ್ಲ. ‘ಹೆಣ್ಣಿಗೆ ಹಿಂಗಾಗೈತೆ ಅಂತ ಪೂರ್ತಿ ಇಸ್ಯ ಒಬ್ಬನ ಬಾಯ್ಗೆ ಬಿದ್ರೆ, ಇಲ್ಲಿಂದ ಹೊಸಕೋಟೆಗಂಟ ಪ್ರತಿ ಸ್ಟಾಪ್‌ನಲ್ಲೂ ಇಳ್ಸಿ ಹೋಯ್ತಾನೆ’ ಎಂದರು.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಪೂರ್ತಿ ವಿಷಯ ಒಬ್ಬನಿಗೆ ಗೊತ್ತಾಗಬಾರದು, ಆದರೆ ಆ ಕಡೆ ಪೂರ್ತಿ ತಲುಪಬೇಕು. ಇದಕ್ಕೆಂದೇ ಅಲ್ಲವೇ ನಾನು ಶನಿವಾರಗಳನ್ನು ಕಳೆದುಕೊಂಡದ್ದು! ‘ತುಂಡು ಮಾಡಿ ಕಳಿಸೋಣ’ ಎಂದೆ. ಸರೋಜ ನನ್ನ ಹಣೆ ಮುಟ್ಟಿ ನೋಡಿದಳು. ನಾನು ಲೆಕ್ಕಿಸಲಿಲ್ಲ. ಮೊದಲನೆಯ ತುಂಡು: ‘ಒಂದು. ಈ ಭಾನುವಾರ ಬೇಡ, ಮುಂದಿನ ತಿಂಗಳು ಇಟ್ಟುಕೊಳ್ಳೋಣ.’ ಎರಡನೆಯದು: ‘ಎರಡು. ಹುಡುಗಿಗೆ ಸ್ವಲ್ಪ ಜ್ವರ.’ ಮೂರನೆಯದು: ‘ಮೂರು. ಸಂಬಂಧ ನಮಗೆ ಪೂರ್ತಿ ಇಷ್ಟ, ತಪ್ಪದೆ ಬನ್ನಿ.’ ಒಂದನ್ನು ದೇವನಹಳ್ಳಿಯ ಮೇಲೆ ಹೊಸಕೋಟೆಗೆ ಹೋಗುವ ಬಸ್ಸಿನ ಕಂಡಕ್ಟರಿಗೆ ಒಪ್ಪಿಸಿದೆ. ಎರಡನೆಯದನ್ನು ಆ ಕಡೆ ವ್ಯಾಪಾರವಿದ್ದ, ನಮ್ಮ ಬೀದಿಯ ರೇಷ್ಮೆ ನೂಲಿನ ಸಾಬರಿಗೆ. ಮೂರನೆಯದನ್ನು ಹೊಸಕೋಟೆಯಲ್ಲಿ ಮಾವನ ಮನೆಯಿದ್ದ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಿಗೆ. ಮೂವರಿಗೂ, ಮೊದಲು ಅಂಕಿಯನ್ನು ಹೇಳಬೇಕು, ತಲುಪಿದ್ದನ್ನು ನನಗೆ ಬಂದು ತಿಳಿಸಬೇಕು ಎಂದು ತಾಕೀತು ಮಾಡಿದೆ. ಸಾಬರು, ‘ಅಂಕಿ ಯಾಕೆ ಸಾಮಿ? ನಾನೇನು ಲಾರಿನಾ?’ ಎಂದು ಕೇಳಿ, ನನ್ನ ಮುಖ ನೋಡಿ, ಮೇಷ್ಟ್ರುಗಳ ಸಹವಾಸ ಎಂದುಕೊಂಡು ಒಪ್ಪಿದರು.

ಶನಿವಾರ ಸಂಜೆಯ ಹೊತ್ತಿಗೆ ಸಾಬರೂ ರಸಾಯನಶಾಸ್ತ್ರವೂ ಬಂದು ತಲುಪಿಸಿದೆವೆಂದು ಹೇಳಿದರು. ಕಂಡಕ್ಟರಿನ ಪತ್ತೆ ಇರಲಿಲ್ಲ. ಪ್ರೊಫೆಸರ ಪಾಠದ ಪ್ರಕಾರ ಆ ತುಂಡನ್ನು ನಾನು ಮತ್ತೆ ಕಳಿಸಬೇಕಿತ್ತು. ಆದರೆ ಮೂರರಲ್ಲಿ ಎರಡು ಸರಿಯಾದರೆ ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರಥಮ ದರ್ಜೆ. ಆ ತೃಪ್ತಿಯಲ್ಲಿ ಮಲಗಿದೆ.

ಭಾನುವಾರ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ಗಂಡಿನವರು ಬಂದರು. ಹುಡುಗ, ಅವನ ತಾಯಿ, ಕೈಯಲ್ಲಿ ಎಳನೀರಿನ ಗೊಂಚಲು ಹಿಡಿದ ಒಬ್ಬ ಚಿಕ್ಕಪ್ಪ. ನಾನು ಬನಿಯನ್ನಿನಲ್ಲಿದ್ದೆ. ಮಾವ ನನ್ನನ್ನು ನೋಡಿದ ನೋಟವನ್ನು ಬರೆಯುವ ಶಕ್ತಿ ಕನ್ನಡಕ್ಕಿದ್ದರೂ ನನಗಿಲ್ಲ. ಆಮೇಲೆ ತಿಳಿಯಿತು: ಶುಕ್ರವಾರವೇ ಕಂಡಕ್ಟರಿಗೆ ನೆಲಮಂಗಲದ ದಾರಿಗೆ ಡ್ಯೂಟಿ ಬದಲಾಗಿತ್ತು. ನನ್ನ ‘ಬೇಡ’ ಎನ್ನುವ ತುಂಡು ಅವನ ಬಾಯೊಳಗೇ ಕೂತು ತದ್ವಿರುದ್ಧ ದಿಕ್ಕಿನಲ್ಲಿ ಪ್ರಯಾಣ ಮಾಡುತ್ತಿತ್ತು.

ಬಾಗಿಲಲ್ಲೇ ಹುಡುಗನ ತಾಯಿ ಬೇವಿನ ಸೊಪ್ಪನ್ನು ನೋಡಿ ನಿಂತರು. ಆಕೆ, ‘ಅಮ್ಮ ಬಂದವ್ಳಾ?’ ಎಂದರು. ಮಾವ ತಲೆ ತಗ್ಗಿಸಿ, ‘ಹೂಂ ಕಣಮ್ಮಾ. ಬರಬೇಡಿ ಅಂತ ಹೇಳ್ ಕಳ್ಸಿದ್ವಿ’ ಎಂದರು.

‘ಬರಬೇಡಿ ಅಂತಲಾ? ನಮಗ್ಯಾರೂ ಹೇಳ್ಲಿಲ್ವಲ್ಲ! ಒಬ್ಬರು ಸಾಬರು ಬಂದು ‘ಎರಡು, ಹುಡ್ಗಿಗೆ ಸ್ವಲ್ಪ ಜ್ವರ’ ಅಂದ್ರು. ಎರಡು ಡಿಗ್ರಿ ಜಾಸ್ತಿ ಇರಬೇಕು ಅಂದ್ಕೊಂಡ್ವಿ. ಇನ್ನೊಬ್ಬರು ಮೇಷ್ಟ್ರು ಬಂದು ‘ಮೂರು, ಸಂಬಂಧ ಇಷ್ಟ, ತಪ್ಪದೆ ಬನ್ನಿ’ ಅಂದ್ರು. ಅದಕ್ಕೇ ಮೂರು ಗಂಟೆಗೆ ಸರಿಯಾಗಿ ಬಂದ್ವಿ. ಮಗೂಗೆ ಹುಷಾರಿಲ್ಲ, ಅದರ ಮೇಲೂ ಇಷ್ಟು ಪ್ರೀತಿಯಿಂದ ಕರ್ದವ್ರೆ ಅಂದ್ರೆ ಬರ್ದೇ ಇರೋಕಾಯ್ತದಾ?’ ಎಂದ ಆಕೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಯಾರನ್ನೂ ಕೇಳದೆ ನೇರವಾಗಿ ಜಯ ಮಲಗಿದ್ದ ಕೋಣೆಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತು ಬೇವಿನ ಸೊಪ್ಪಿನಿಂದ ಗಾಳಿ ಬೀಸತೊಡಗಿದರು.

ನಾಗರಾಜ ಚಿಕ್ಕಪ್ಪನ ಕೈಯಿಂದ ಎಳನೀರಿನ ಗೊಂಚಲನ್ನು ತೆಗೆದುಕೊಂಡು ಹಜಾರದ ಮೂಲೆಯಲ್ಲಿಟ್ಟ. ಆಮೇಲೆ, ‘ನಂಗೆ ಚಿಕ್ಕೋನಿದ್ದಾಗ್ಲೇ ಆಗಿದೆ, ಏನೂ ಆಗಲ್ಲ’ ಎಂದು ಹಣೆಯ ಮೇಲಿನ ಕಲೆಯನ್ನು ಸರ್ಟಿಫಿಕೇಟಿನಂತೆ ತೋರಿಸಿ ಕೋಣೆಯ ಬಾಗಿಲಿಗೆ ಹೋಗಿ ನಿಂತ. ಜಯ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಅವಳಿಗೆ ಮೂರನೆಯ ಸಲವೂ ಹೀಗಾಯಿತಲ್ಲ ಎಂದು ಸರೋಜ ಸೆರಗಿನಿಂದ ಕಣ್ಣೊತ್ತಿಕೊಂಡಳು.

‘ಕೆರಿಯೋಕೆ ಹೋಗ್ಬೇಡಿ, ಕಲೆ ಉಳೀತದೆ’ ಎಂದ ನಾಗರಾಜ.

ಹೊದಿಕೆಯೊಳಗಿಂದ ಜಯಳ ದನಿ ಬಂತು: ‘ನಿಮ್ಮ ಆಸ್ಪತ್ರೆ ದನಗಳು ನೀವು ಹೇಳಿದ ಮಾತು ಕೇಳ್ತವಾ?’

‘ಕೇಳಲ್ಲ. ಅದಕ್ಕೇ ಕಾಲು ಕಟ್ತೀವಿ.’

ಹೊದಿಕೆ ಅಲುಗಿತು. ಅಳುತ್ತಿದ್ದಾಳೆಂದು ನಾನು ಹೆದರಿದೆ. ನಗುತ್ತಿದ್ದಳು. ಹೊದಿಕೆ ಸರಿಸಿ, ಗುಳ್ಳೆ ತುಂಬಿದ ಮುಖವನ್ನು ಪೂರ್ತಿ ತೋರಿಸಿ, ‘ನೋಡ್ಕೊಳ್ಳಿ. ಇದಕ್ಕಿಂತ ಕೆಟ್ಟದಾಗಿ ನಾನು ಯಾವತ್ತೂ ಕಾಣ್ಸಲ್ಲ’ ಎಂದಳು. ಅವನು ನಿಜವಾಗಿಯೂ ನೋಡಿದ. ‘ಹಂಗಾದ್ರೆ ನಂಗೇನೂ ಯೋಚ್ನೆ ಇಲ್ಲ’ ಎಂದ. ಒಗ್ಗರಣೆಯಿಲ್ಲದ ಮನೆಯಲ್ಲಿ ಬಾಳೆಹಣ್ಣು, ಮಜ್ಜಿಗೆಯಷ್ಟೇ ಕೊಟ್ಟೆವು. ಅವರು ಊರಿಗೆ ಹೋಗಿ ತಿಳಿಸುತ್ತೇವೆ ಎನ್ನಲಿಲ್ಲ. ಅಲ್ಲಿಯೇ ತಿಳಿಸಿದರು.

ಮಾವ ನನ್ನನ್ನು ಬೈಯಬೇಕೆಂದು ಸಿದ್ಧಮಾಡಿಕೊಂಡಿದ್ದ ಮಾತುಗಳನ್ನು ನುಂಗಿಕೊಂಡು, ಮಧುರೆಗೆ ಹೋಗಿ, ‘ನಮ್ಮ ಅಳಿಯ ಕಂಪ್ಯೂಟರ್ ಓದಿ ಗಂಡು ತಂದ’ ಎಂದು ಪ್ರಚಾರ ಮಾಡಿದರು. ಬೇರೆ ಹೆಣ್ಣುಗಳ ಜಾತಕ ಹಿಡಿದುಕೊಂಡು ಇಬ್ಬರು ರೈತರು ನನ್ನ ಮನೆಗೂ ಬಂದರು. ಅವರಿಗೆ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಷ್ಟರಲ್ಲಿ ಅಮ್ಮ ನನಗೂ ಬಂದಿದ್ದಳು, ಅದೂ ಕೋರ್ಸಿನ ಕೊನೆಯ ಪರೀಕ್ಷೆಯ ವಾರದಲ್ಲಿ. ಪ್ರೊಫೆಸರಿಗೆ ಹೇಗೆ ತಿಳಿಸುವುದೆಂದು ಹಾಸಿಗೆಯಲ್ಲಿ ಯೋಚಿಸುತ್ತಿದ್ದಾಗ ಸರೋಜ, ‘ನೀವು ದಯವಿಟ್ಟು ಸುಮ್ನೆ ಮಲಕ್ಕೊಳ್ಳಿ’ ಎಂದು ತಾನೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಗಾಜಿನ ಕೋಣೆಯ ಹೊರಗೇ ನಿಂತು, ನಡೆದದ್ದನ್ನು ಇಡಿಯಾಗಿ, ಒಂದು ತುಂಡೂ ಬಿಡದೆ ಹೇಳಿ ಬಂದಳು. ಪ್ರೊಫೆಸರು ನಕ್ಕೂ ನಕ್ಕೂ ಕನ್ನಡಕ ತೆಗೆದರಂತೆ. ನನಗೆ ಪರೀಕ್ಷೆಯಿಲ್ಲದೆ ಪಾಸು ಸಿಕ್ಕಿತು.

ಮರುವರ್ಷ ಅದೇ ಕೋರ್ಸಿಗೆ ನಮ್ಮ ಕಾಲೇಜಿನಿಂದ ಹೊಸದಾಗಿ ಸೇರಿದ್ದ ಗಣಿತದ ಹುಡುಗನನ್ನು ಕಳಿಸಿದರು. ಮೊದಲನೆಯ ತರಗತಿ ಮುಗಿಸಿಕೊಂಡು ಬಂದವನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ, ‘ಸಾರ್, ಸುದ್ದಿಯ ತುಂಡು ಕಳೆದುಹೋದ್ರೆ ಏನಾಗುತ್ತೆ ಅನ್ನೋದಕ್ಕೆ ಪ್ರೊಫೆಸರು ನಮ್ಮೂರಿನ ಒಬ್ಬ ಮೇಷ್ಟ್ರ ಕಥೆ ಹೇಳಿದ್ರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಯಾರು ಸಾರ್ ಅವರು, ನಿಮಗೆ ಗೊತ್ತಾ?’ ಎಂದು ಕೇಳಿದ.

ರಸಾಯನಶಾಸ್ತ್ರದ ಮೇಷ್ಟ್ರು ಕೆಮ್ಮಿದರು. ನಾನು ಸೀಮೆಸುಣ್ಣ ಎತ್ತಿಕೊಂಡು, ‘ಅವರ ವಿಷಯ ಕೇಳಿದ ಹಾಗಿದೆ. ಆದರೆ ಅವರು ನಿವೃತ್ತರಾಗಿ ಬಹಳ ಕಾಲವಾಯಿತು’ ಎಂದು ಹೇಳಿ, ನನಗೆ ಪಾಠವೇ ಇಲ್ಲದ ಒಂದು ತರಗತಿಗೆ ಅವಸರವಾಗಿ ಹೊರಟೆ.